ಸೆನೆಟರನ ಮೂಗಿನ ನಮ್ಮತ್ತೆ

ನಮ್ಮ ಮಾವನವರಿಗೆ, ಅಂದರೆ ನನ್ನ ಗಂಡನ ತಂದೆಗೆ, ಅಮೆರಿಕದಲ್ಲಿ ಹಿಡಿಸಿದ್ದು ಒಂದೇ ಒಂದು. ಯಾವತ್ತೋ ಸತ್ತುಹೋದ ಜಮೀನ್ದಾರರ ಮೂತಿ! ನಂಬುತ್ತೀರಾ?

ಎಂಬತ್ತರ ದಶಕ. ನಾವಾಗ ಮಿಲ್ಪಿಟಾಸ್ ಎಂಬ ಊರಿನಲ್ಲಿದ್ದೆವು. ಮಾವ ಮಂಡ್ಯದಿಂದ ಬಂದ ಹೊಸದರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಮ್ಯೂಸಿಯಂಗೆ ಕರೆದುಕೊಂಡು ಹೋದೆವು. ಹಳೇ ಅಮೆರಿಕದ ತೈಲಚಿತ್ರಗಳ ಕೋಣೆ. ಗೋಡೆ ತುಂಬ ಕರಿ ಕೋಟಿನ ಶ್ರೀಮಂತರು, ಬೆನ್ನ ಹಿಂದೆ ಕಿಟಕಿ, ಕಿಟಕಿಯಾಚೆ ಅವರದೇ ಹೊಲ, ಅವರದೇ ಹೊಳೆ. ಇಷ್ಟಿದ್ದೂ ಒಬ್ಬರ ಮುಖದಲ್ಲಾದರೂ ನಗು? ಊಹೂಂ. ಮಾವ ಒಬ್ಬ ಸೆನೆಟರನ ಮುಂದೆ ನಿಂತವರು ಕದಲಲೇ ಇಲ್ಲ.

"ಮೂಗು ನೋಡವ್ವ. ನಿಮ್ಮತ್ತೇದೇ," ಎಂದರು.

ನಮ್ಮತ್ತೆಗೆ ಸೆನೆಟರನ ಮೂಗೇ! ನಾನು ಸೆರಗು ಬಾಯಿಗಿಟ್ಟುಕೊಂಡು ಹೊರಗೆ ಓಡಿದೆ.

ಆದರೆ ವಿಷಯ ನಗುವಂಥದ್ದಲ್ಲ. ಅತ್ತೆ ತೀರಿಕೊಂಡಾಗ ನಮ್ಮವರು ಎರಡು ವರ್ಷದ ಮಗು. ಇದ್ದದ್ದು ಮದುವೆಯದೊಂದೇ ಫೋಟೋ. ಅದರಲ್ಲಿ ಬಾಸಿಂಗ ಕಾಣುತ್ತದೆ, ತಗ್ಗಿಸಿದ ತಲೆ ಕಾಣುತ್ತದೆ, ಮುಖ ಕಾಣುವುದಿಲ್ಲ. ಆ ಮುಖ ಗೊತ್ತಿದ್ದದ್ದು ಮಾವ ಒಬ್ಬರಿಗೇ. ಅವರಿಗೋ ಮರೆವಿನ ಕಾಯಿಲೆ ಶುರುವಾಗಿದೆ ಎಂದು ಡಾಕ್ಟರು ಹೇಳಿಯಾಗಿತ್ತು.

ಹಾಗಾಗಿ ಪೂರ್ತಿ ಮರೆಯುವ ಮೊದಲು ಆ ಮುಖ ಹುಡುಕಲು, ಭಾನುವಾರ ಬಂತೆಂದರೆ ಫ್ರೀವೇ ಹಿಡಿದು ಮ್ಯೂಸಿಯಂಗೆ ಹೊರಡುತ್ತಿದ್ದೆವು! ಗ್ರೋಸರಿ ಅಂಗಡಿಯಲ್ಲಿ ಯಾರನ್ನಾದರೂ ಹಾಗೆ ದಿಟ್ಟಿಸಿದರೆ ಸುಮ್ಮನೆ ಬಿಡುತ್ತಾರೆಯೇ? ಈ ಚಿತ್ರದವರಾದರೆ ಪಾಪ, ಅಲ್ಲಾಡದೆ ಕೂತಿರುತ್ತಾರೆ. ಹೆಂಗಸರ ಚಿತ್ರಗಳೂ ಇದ್ದವು ಅನ್ನಿ. ಪರಸ್ತ್ರೀಯರನ್ನು ದಿಟ್ಟಿಸುವುದು ತಪ್ಪೆಂದು ಮಾವ ಆ ಕಡೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ. ಹೀಗೆ ಅತ್ತೆಯ ಹುಬ್ಬು ಒಬ್ಬ ಹಡಗಿನ ಸಾಹುಕಾರನಲ್ಲಿ ಸಿಕ್ಕಿತು, ಗದ್ದ ಒಬ್ಬ ಗವರ್ನರನಲ್ಲಿ. ಚಿತ್ರಕ್ಕೆ ತೀರಾ ಹತ್ತಿರ ಹೋಗಬೇಡಿ ಎಂದ ಗಾರ್ಡಿನ ಮೇಲೆ, ನನ್ನ ಹೆಂಡತಿಯನ್ನು ನೋಡಲು ಇವನ ಪರ್ಮಿಷನ್ ಯಾಕೆ ಎಂದು ಮಂಡ್ಯದ ಕನ್ನಡದಲ್ಲೇ ಜಗಳಕ್ಕೆ ನಿಂತರು. ನಾನು ಆತನಿಗೆ, ಇವರಿಗೆ ಕಲೆ ಎಂದರೆ ಪ್ರಾಣ ಎಂದು ಇಂಗ್ಲಿಷಿನಲ್ಲಿ ಹೇಳಿ ಪಾರು ಮಾಡಿದೆ.

ಒಂದು ಭಾನುವಾರ ಅದೇ ಸೆನೆಟರನನ್ನು ಹೊಸಬನನ್ನು ನೋಡಿದಂತೆ ನೋಡಿದರು. ಬಹಳ ಹೊತ್ತಾದ ಮೇಲೆ ನನ್ನ ಕಡೆ ತಿರುಗಿದರು.

"ನೀನಾದ್ರೂ ಹೇಳವ್ವ. ಅವಳ ಮೂಗು ಹಿಂಗೇ ಇತ್ತಾ?"

ನಾನು! ಅತ್ತೆ ಹೋದಾಗ ನಾನಿನ್ನೂ ಹುಟ್ಟೇ ಇರಲಿಲ್ಲ. ಗೊತ್ತಿಲ್ಲ ಎನ್ನಲು ಬಾಯಿ ಬರಲಿಲ್ಲ.

"ಇಷ್ಟು ದಪ್ಪ ಇರಲಿಲ್ಲ ಮಾವ. ತುದಿ ಸ್ವಲ್ಪ ಚೂಪಿತ್ತು," ಎಂದೆ.

ಮಾವ ನಿಟ್ಟುಸಿರು ಬಿಟ್ಟು ನನ್ನ ಕೈ ಹಿಡಿದುಕೊಂಡರು. "ಸದ್ಯ, ನಿಂಗಾದ್ರೂ ಗ್ಯಾಪಕ ಐತಲ್ಲ. ಇನ್ ನಾನು ಮರ್ತ್ರೂ ಚಿಂತಿಲ್ಲ."