ಸ್ವಿಚ್ ಆರಿಸಿದ್ರಾ?

ನಮ್ಮ ಭಾವ ತ್ರಿಯಂಬಕ ಮಿಕ್ಸಿಯ ಮುಚ್ಚಳದ ಮೇಲೆ ಫೋನು ನಿಲ್ಲಿಸಿ, ತುರುವೇಕೆರೆಯ ಇತಿಹಾಸದಲ್ಲೇ ಇಂಥದ್ದು ಮೊದಲು ಎಂಬಂತೆ ಎದೆಯುಬ್ಬಿಸಿದರು. ಮಿಕ್ಸಿ ರಿಪೇರಿ ಅವರ ಕಸುಬು. ಹಾಗಾಗಿ ಅವರ ಆವಿಷ್ಕಾರಗಳೆಲ್ಲ ಸ್ವಲ್ಪ ಚಟ್ನಿ ವಾಸನೆ ಹೊಡೆಯುತ್ತವೆ.

"ನೋಡೋ ಮುಕುಂದ, ಚಾರ್ಜಿಗೆ ಹಾಕಿದ್ರೆ ಸಾಕು, ಹಾಸಿಗೆ ಪಕ್ಕ ರಾತ್ರಿಯಿಡೀ ಉರಿಯತ್ತೆ. ಪರದೇಲಿ ಎಡಗಡೆ ಗಡಿಯಾರ, ಬಲಗಡೆ ನಿಮ್ಮಕ್ಕನ ಫೋಟೋ."

ಅಕ್ಕ ಕುಮುದಾ ಆಸ್ಪತ್ರೆಯಲ್ಲಿ ನರ್ಸು. ಮೂರು ತಿಂಗಳಿಂದ ರಾತ್ರಿ ಪಾಳಿ. ಬೆಳಿಗ್ಗೆ ಅವಳು ಬರುವ ಹೊತ್ತಿಗೆ ಭಾವ ಅಂಗಡಿಗೆ ಹೊರಟಿರುತ್ತಾರೆ. ಗೇಟಿನಲ್ಲಿ ಬೀಗದ ಕೈ ಬದಲಾಗುವಷ್ಟೇ ಸಂಸಾರ.

ತೊಂದರೆಯೆಂದರೆ, ನಾಲ್ಕು ಗಂಟೆಗೆ ಭಾವನಿಗೆ ಎಚ್ಚರವಾದಾಗ ಪಕ್ಕದಲ್ಲಿ ಈ ಅಕ್ಕನೂ ಇರುತ್ತಿರಲಿಲ್ಲ. ಪರದೆ ಕಪ್ಪು. ಸೆಟ್ಟಿಂಗಿನಲ್ಲಿ 'ಯಾವಾಗಲೂ ಉರಿಯಲಿ' ಎಂದು ಒತ್ತಿದ್ದಾಯಿತು, ಮೂರು ಚಾರ್ಜರ್ ಬದಲಾಯಿಸಿದ್ದಾಯಿತು. ಬೆಳಿಗ್ಗೆ ನೋಡಿದರೆ ಪ್ಲಗ್ಗಿನ ಸ್ವಿಚ್ ಆಫ್ ಆಗಿರುತ್ತಿತ್ತು. ಎದ್ದ ಕೂಡಲೇ ತಾನೇ ಆರಿಸಿರಬೇಕೆಂದು ಭಾವ ಅದನ್ನು ತಲೆಗೇ ಹಚ್ಚಿಕೊಳ್ಳಲಿಲ್ಲ.

ಆಗ ಹುಟ್ಟಿದ್ದು ಕಾವಲು ಯಂತ್ರ. ಪರದೆ ಕತ್ತಲಾದರೆ ಅದರ ಒಂಟಿ ಕಣ್ಣು ಕಂಡುಹಿಡಿದು, ಐದು ನಿಮಿಷ ಕಾದು, ಭಾವನನ್ನು ಎಬ್ಬಿಸಬೇಕು. ಮೊದಲ ರಾತ್ರಿ ಅದು ಮಂಚ ಅಲ್ಲಾಡಿಸಿತು. ಮಿಕ್ಸಿ ಮೋಟಾರು, ಮೂರನೇ ಸ್ಪೀಡು! ಮಂಚ ಭಾವನ ಸಮೇತ ಅಡುಗೆಮನೆವರೆಗೆ ಹೋಗಿಬಂತು. ಎರಡನೇ ರಾತ್ರಿ ಸೈರನ್ ಊದಿತು. ನಲ್ಲಿಯಲ್ಲಿ ನೀರು ಬಂತೆಂದುಕೊಂಡು ಬೀದಿಯವರೆಲ್ಲ ಕೊಡ ಹಿಡಿದು ಸಾಲುನಿಂತರು. ಆ ಗಲಾಟೆಯಲ್ಲಿ ಸ್ವಿಚ್ ಯಾರು ನೋಡುತ್ತಾರೆ?

ಮೆತ್ತಗೆ ಎಬ್ಬಿಸಬೇಕು, ಅದೂ ನಿಮ್ಮಕ್ಕನ ಧ್ವನಿಯಲ್ಲಿ ಎಂದು ಭಾವ ತಲೆ ತುರಿಸಿಕೊಂಡರು. ಅವಳನ್ನೇ ಕೇಳಿ ಎಂದೆ.

"ಬೇಡ್ವೋ. ನಗ್ತಾಳೆ."

ಅಕ್ಕನ ಧ್ವನಿ ಅನುಕರಿಸುವುದು ನನಗೆ ಚಿಕ್ಕಂದಿನ ವಿದ್ಯೆ: ಮೂಗಿನಲ್ಲಿ ಚೂರು ಸಿಟ್ಟು, ಕೊನೆಗೆ ಚೂರು ಬೆಣ್ಣೆ. ಏನು ಕೆಟ್ಟರೂ ಅವಳು ಮೊದಲು ಹೇಳುವ ಮಾತನ್ನೇ ಯಂತ್ರಕ್ಕೆ ತುಂಬಿಕೊಟ್ಟೆ: "ರೀ, ಸ್ವಿಚ್ ಹಾಕ್ರೀ."

ಆ ರಾತ್ರಿ ನಾನೂ ಅಲ್ಲೇ ಚಾಪೆ ಹಾಸಿದೆ. ಎರಡು ಗಂಟೆಗೆ ಭಾವ ಕಣ್ಣು ಮುಚ್ಚಿಕೊಂಡೇ ಎದ್ದರು, ಬಾಗಿಲ ಪಕ್ಕದ ಪ್ಲಗ್ಗಿನ ಸ್ವಿಚ್ಚನ್ನು ಟಪ್ಪೆಂದು ಆರಿಸಿದರು. "ಆರ್ಸಿದೆ ಕಣೇ, ಮಲ್ಕೋ" ಎಂದು, ಅರ್ಧ ಮಂಚ ಖಾಲಿ ಬಿಟ್ಟು ಮಲಗಿದರು.

ಹನ್ನೊಂದು ವರ್ಷ ಅಕ್ಕ ನಡುರಾತ್ರಿ "ರೀ, ಸ್ವಿಚ್ ಆರಿಸಿದ್ರಾ?" ಎಂದು ಅವರನ್ನು ಎಬ್ಬಿಸಿದ್ದಳು. ಅವಳು ಪಕ್ಕದಲ್ಲಿ ಇಲ್ಲದಿದ್ದರೂ ಅವರ ಕಾಲಿಗೆ ಅದು ಕೇಳಿಸುತ್ತಿತ್ತು.

ಐದು ನಿಮಿಷಕ್ಕೆ ಯಂತ್ರ ಬಾಯಿಬಿಟ್ಟಿತು: "ರೀ, ಸ್ವಿಚ್ ಹಾಕ್ರೀ."

"ಈಗ ತಾನೇ ಆರ್ಸು ಅಂದ್ಯಲ್ಲೇ?" ಭಾವ ನಿದ್ದೆಯಲ್ಲೇ ಹೋಗಿ ಹಾಕಿದರು. ಮಲಗಿದರು. ಮತ್ತೆ ಎದ್ದು ಆರಿಸಿದರು. ಯಂತ್ರ ಮತ್ತೆ ಹಾಕಿಸಿತು. ಬೆಳಗಾಗುವವರೆಗೂ ಅಕ್ಕನ ಮುಖ ಪರದೆಯ ಮೇಲೆ ಬರುತ್ತಿತ್ತು, ಹೋಗುತ್ತಿತ್ತು. ಎಬ್ಬಿಸಲೆಂದು ಎರಡು ಸಲ ಕೈಯೆತ್ತಿದೆ. ಬೈಯುತ್ತಲೇ ನಗುತ್ತಿದ್ದ ಅವರ ಮುಖ ನೋಡಿ ಇಳಿಸಿದೆ.

ಬೆಳಿಗ್ಗೆ ಗೇಟಿನಲ್ಲಿ ಅಕ್ಕ ಬೀಗದ ಕೈ ತೆಗೆದುಕೊಳ್ಳುತ್ತ, ಕಣ್ಣು ಯಾಕೆ ಕೆಂಡದ ಹಾಗಿದೆ, ನಿದ್ದೆ ಬರಲಿಲ್ಲವೇ ಎಂದು ಕೇಳಿದಳು.

"ಬಂತು ಕಣೇ. ರಾತ್ರಿಯೆಲ್ಲ ನಿನ್ನ ಜೊತೆ ಜಗಳ ಆಡ್ದಂಗೆ ಕನಸು. ಎಷ್ಟು ದಿನ ಆಗಿತ್ತು."

ಅಕ್ಕ ಬೀಗದ ಕೈ ಹಿಡಿದುಕೊಂಡೇ ನಿಂತುಬಿಟ್ಟಳು. ಅವತ್ತು ಅಂಗಡಿ ತೆರೆದದ್ದು ಹತ್ತೂವರೆಗೆ.

ಸ್ವಿಚ್ಚಿನ ವಿಷಯ ಇಬ್ಬರಿಗೂ ಹೇಳಿಲ್ಲ. ರಾತ್ರಿಯೆಲ್ಲ ಹಾಕಿ ಆರಿಸಿ ವಾರಕ್ಕೊಂದು ಕೆಡುತ್ತದೆ; ಹೊಸದು ತಂದು ಹಾಕುತ್ತೇನೆ.