ಒಂದೂವರೆ ಅಡಿ ಚೇತರಿಕೆ

ಸಾಂಕ್ರಾಮಿಕದ ತರುವಾಯ ಸಣ್ಣ ವ್ಯಾಪಾರಿಗಳು ಚೇತರಿಸಿಕೊಂಡಿದ್ದಾರೆಯೇ ಇಲ್ಲವೇ ಎಂಬುದನ್ನು ಅವರವರ ಅಂಗಡಿಯ ಶಟರಿನ ಎತ್ತರದಿಂದ ಅಳೆಯತಕ್ಕದ್ದು ಎಂದು ಸರ್ಕಾರ ತೀರ್ಮಾನಿಸಿರುತ್ತದೆ. ಏಳಡಿ ಶಟರ್ ಪೂರ್ತಿ ಎತ್ತಿದ್ದರೆ ವ್ಯಾಪಾರ ಗುಣವಾಗಿದೆ, ನೆರವು ಬೇಕಿಲ್ಲ. ಪೂರ್ತಿ ಇಳಿಸಿದ್ದರೆ ವ್ಯಾಪಾರ ತೀರಿಕೊಂಡಿದೆ, ನೆರವು ಕೊಟ್ಟು ಪ್ರಯೋಜನವಿಲ್ಲ. ನೆಲದಿಂದ ಸರಿಯಾಗಿ ಒಂದೂವರೆ ಅಡಿ ಎತ್ತಿದ್ದರೆ ಮಾತ್ರ ಅದು ಚೇತರಿಸಿಕೊಳ್ಳುತ್ತಿರುವ ವ್ಯಾಪಾರ, ನೆರವಿಗೆ ಅರ್ಹ.

ಈ ಒಂದೂವರೆ ಅಡಿ ಎಲ್ಲಿಂದ ಬಂತು ಎಂದು ಟಿ. ನರಸೀಪುರದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಲಾಕ್‌ಡೌನಿನಲ್ಲಿ ಬಸ್ ಸ್ಟ್ಯಾಂಡ್ ಹಿಂದಿನ ನಮ್ಮ ಬೀದಿ ಅಷ್ಟೇ ಎತ್ತರದಲ್ಲಿ ಬದುಕಿತ್ತು. ಶಟರಿನ ಕೆಳಗಿಂದ ಒಂದು ಕೈ ಸಕ್ಕರೆ ಪೊಟ್ಟಣ ಕೊಡುತ್ತಿತ್ತು, ಇನ್ನೊಂದು ಕೈ ದುಡ್ಡು ಕೊಡುತ್ತಿತ್ತು, ಜೀಪಿನ ಸದ್ದು ಕೇಳಿಸಿದರೆ ಎರಡು ಕೈಯೂ ಮಾಯ. ಆಗ ಅದು ತಪ್ಪಾಗಿತ್ತು. ತಜ್ಞರ ಸಮಿತಿ ಎರಡು ವರ್ಷ ಕೂತು ಯೋಚಿಸಿದ ಮೇಲೆ ಈಗ ಅದು ಅರ್ಹತೆಯಾಗಿದೆ.

ಆ ಬೀದಿಯಲ್ಲಿ ಪುಟ್ಟಗೌರಮ್ಮನ ಇಡ್ಲಿ ಹೋಟೆಲಿದೆ. ನಾನು ನಿವೃತ್ತ ಮೇಷ್ಟ್ರು. ಹತ್ತೊಂಬತ್ತು ವರ್ಷದಿಂದ ಬೆಳಗಿನ ನಾಲ್ಕು ಇಡ್ಲಿ ಅಲ್ಲೇ. ಲಾಕ್‌ಡೌನಿನಲ್ಲಿ ಆಕೆಯ ಗ್ರೈಂಡರಿನ ವೈರನ್ನು ಇಲಿಗಳು ತಿಂದವು, ಮೋಟಾರು ತುಕ್ಕು ಹಿಡಿದು ಕೂತಿತು. ಅಂದಿನಿಂದ ಆಕೆ ಒರಳುಕಲ್ಲಿನಲ್ಲೇ ರುಬ್ಬುತ್ತಾ ಬಂದಿದ್ದಳು. ಬಲಗೈ ಕಿವಿಯ ಮಟ್ಟಕ್ಕೂ ಏಳುತ್ತಿರಲಿಲ್ಲ. ತಟ್ಟೆ ಕೊಡುವಾಗ ಆಕೆ ಹಲ್ಲು ಕಚ್ಚುವುದನ್ನು ನೋಡಿ ನನ್ನ ಹೊಟ್ಟೆ ಉರಿಯುತ್ತಿತ್ತು. ಉರಿಯುವ ಹೊಟ್ಟೆಯಲ್ಲೇ ನಾಲ್ಕು ಇಡ್ಲಿ ತಿಂದು ಬರುತ್ತಿದ್ದೆ ಎಂಬುದನ್ನೂ ಒಪ್ಪಿಕೊಳ್ಳಬೇಕು.

ಯೋಜನೆಯಲ್ಲಿ ಹೋಟೆಲಿನವರಿಗೆ ಗ್ರೈಂಡರ್ ಕೊಡುತ್ತಾರೆಂದು ತಿಳಿದು, ಆಕೆಯನ್ನು ನಾನೇ ಕಿರು ವ್ಯಾಪಾರ ಚೇತರಿಕಾ ಕೋಶಕ್ಕೆ ಕರೆದುಕೊಂಡು ಹೋದೆ. ಅಲ್ಲಿಯ ಅಧಿಕಾರಿ ಕೃಷ್ಣಕುಮಾರ್ ಒಳ್ಳೆಯ ಮನುಷ್ಯ. ಕುರ್ಚಿ ಕೊಟ್ಟರು.

"ನಿಮ್ಮ ಶಟರ್ ಎಷ್ಟಮ್ಮ?"

"ಪೂರ್ತಿ ತೆಗೀತೀನಿ ಸಾ. ಗಿರಾಕಿ ಬರದ್ ಬ್ಯಾಡ್ವಾ?"

"ಹಾಗಾದರೆ ಚೇತರಿಸಿಕೊಂಡಿದ್ದೀರಿ. ಬಹಳ ಸಂತೋಷ."

"ಎಲ್ ಚೇತರಿಸ್ಕಂಡೆ ಸಾ? ಈ ಭುಜ ನೋಡಿ, ಮ್ಯಾಕ್ಕೇ ಬತ್ತಾ ಇಲ್ಲ."

ಕೃಷ್ಣಕುಮಾರ್ ಅರ್ಜಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಭುಜದ ಎತ್ತರಕ್ಕೆ ಕಾಲಂ ಇಲ್ಲಮ್ಮ. ಶಟರನ್ನು ಒಂದೂವರೆ ಅಡಿಗೆ ಇಳಿಸಿಕೊಳ್ಳಿ. ತಪಾಸಣೆಗೆ ಯಾವತ್ತು ಬೇಕಾದರೂ ಬರುತ್ತೇವೆ."

ಹೊರಗೆ ಬಂದ ಮೇಲೆ ಆಕೆ ನನಗೆ ಹೇಳಿದಳು: "ದೀಪಾವಳಿ ಗಂಟ ನೋಡ್ತೀನಿ ಮೇಷ್ಟ್ರೇ. ಗ್ರೈಂಡರ್ ಬರ್ನಿಲ್ಲ ಅಂದ್ರೆ ಓಟ್ಲಿಗೆ ಬೀಗ ಹಾಕಿ ನಮ್ಮೂರು ಸೋಸಲೆಗೆ ಒಂಟೋಯ್ತೀನಿ. ಈ ಕೈಲಿ ಇನ್ ರುಬ್ಬಕ್ಕಾಗಕಿಲ್ಲ."

ಮಾರನೆಯ ದಿನವೇ ಆಕೆಯ ಶಟರ್ ಇಳಿಯಿತು. ಅದನ್ನು ನೋಡಿ ಎದುರಿನ ಬಟ್ಟೆ ಅಂಗಡಿ ಚಿಕ್ಕಸ್ವಾಮಿಯವರೂ ಇಳಿಸಿದರು. ವಾರದೊಳಗೆ ಇಡೀ ಬೀದಿ ಚೇತರಿಸಿಕೊಳ್ಳಲು ಶುರುಮಾಡಿತು. ಗಿರಾಕಿಗಳು ತೆವಳಿಕೊಂಡು ಒಳಗೆ ಹೋಗಬೇಕಾಗಿದ್ದರಿಂದ ವರ್ತಕರ ಸಂಘ ಪ್ರಕಟಣೆ ಹೊರಡಿಸಿತು: ಒಳಬರುವವರು ತಲೆ ಮುಂದಾಗಿ, ಹೊರಹೋಗುವವರು ಕಾಲು ಮುಂದಾಗಿ ತೆವಳತಕ್ಕದ್ದು, ಇಬ್ಬರೂ ಎದುರಾದಲ್ಲಿ ಹಿರಿಯರಿಗೆ ಆದ್ಯತೆ. ಚಿಕ್ಕಸ್ವಾಮಿಯವರ ಅಂಗಡಿಗೆ ಮದುವೆ ಸೀರೆ ತೆಗೆಯಲು ಬಂದ ಹನ್ನೊಂದು ಜನರ ಬೀಗರ ತಂಡ ಶಿಸ್ತಾಗಿ ಒಬ್ಬರ ಹಿಂದೊಬ್ಬರು ತೆವಳಿಹೋದದ್ದನ್ನು ನಾನೇ ಕಣ್ಣಾರೆ ಕಂಡೆ. ಅತ್ತ ನಂಜನಗೂಡಿನಲ್ಲಿ ರಸಬಾಳೆ ಮಾರುವ ತಳ್ಳುಗಾಡಿಯವರೊಬ್ಬರು ಶಟರ್ ಇಲ್ಲದ ಕಾರಣ ಅನರ್ಹರಾಗಿ, ಗಾಡಿಗೇ ಶಟರ್ ಹಾಕಿಸಿಕೊಂಡರೆಂದು ಸುದ್ದಿ ಬಂತು. ಅವರಿಗೆ ಗಾಡಿ ತಳ್ಳಲು ಇಬ್ಬರು ಆಳು ಬೇಕಾಯಿತಂತೆ. ಉದ್ಯೋಗ ಸೃಷ್ಟಿ ಎಂದು ಅದನ್ನೂ ಬರೆದುಕೊಂಡರಂತೆ.

ಒಂದು ಬೆಳಿಗ್ಗೆ ಕೋಶದ ಮಧುಶ್ರೀ ಅಳತೆ ಟೇಪು ಹಿಡಿದುಕೊಂಡು ತಪಾಸಣೆಗೆ ಬಂದಳು. ಆ ಹೊತ್ತಿಗೆ ಸರಿಯಾಗಿ ನಾನು ಪುಟ್ಟಗೌರಮ್ಮನ ಶಟರಿನ ಕೆಳಗೆ ಸಿಕ್ಕಿಕೊಂಡಿದ್ದೆ. ತಲೆ ಮತ್ತು ಎದೆ ಸಾಂಬಾರಿನ ವಾಸನೆಯಲ್ಲಿ, ಉಳಿದದ್ದು ರಸ್ತೆಯಲ್ಲಿ.

"ಒಂದಡಿ ಎಂಟಿಂಚು," ಎಂದಳು ಮಧುಶ್ರೀ. "ಎರಡಿಂಚು ಜಾಸ್ತಿ ಚೇತರಿಸಿಕೊಂಡಿದ್ದೀರಲ್ಲಮ್ಮ."

ಒಳಗಿನಿಂದ ಪುಟ್ಟಗೌರಮ್ಮ ಬೇಡಿಕೊಂಡಳು. "ಅದು ಮೇಷ್ಟ್ರು ಬೆನ್ನು ಎತ್ತಿರದು ಕಣವ್ವ! ನಾನೇನೂ ಚೇತರಿಸ್ಕಂಡಿಲ್ಲ."

"ಸರ್, ಸ್ವಲ್ಪ ಉಸಿರು ಬಿಡಿ."

ಬಿಟ್ಟೆ. ಒಂದಡಿ ಏಳಿಂಚಾಯಿತು.

"ಪೂರ್ತಿ ಬಿಡಿ ಸರ್. ಒಬ್ಬರ ಜೀವನದ ಪ್ರಶ್ನೆ."

ಮೂವತ್ತನಾಲ್ಕು ವರ್ಷ ಪಾಠ ಮಾಡಿದಾಗಲೂ ನಾನು ಅಷ್ಟು ಉಸಿರು ಬಿಟ್ಟಿರಲಿಲ್ಲ. ಒಂದಡಿ ಆರಿಂಚಿಗೆ ಬಂತು. ಮಧುಶ್ರೀ ಪ್ರಾಮಾಣಿಕ ಹುಡುಗಿ, ಕಂಡದ್ದನ್ನು ಕಂಡ ಹಾಗೆ ಬರೆದಳು: "ಗಿರಾಕಿ ಉಸಿರು ಬಿಟ್ಟಾಗ ಅರ್ಹ, ಎಳೆದುಕೊಂಡಾಗ ಅನರ್ಹ."

ಕೃಷ್ಣಕುಮಾರ್ ಕಡತ ವಾಪಸು ಕಳಿಸಿದರು. ಚೇತರಿಕೆಯು ಸ್ಥಿರವಾಗಿರತಕ್ಕದ್ದು, ಗಿರಾಕಿಯ ಶ್ವಾಸಕೋಶವನ್ನು ಅವಲಂಬಿಸಿರತಕ್ಕದ್ದಲ್ಲ. ಆದ್ದರಿಂದ ಶಟರನ್ನು ಒಂದೂವರೆ ಅಡಿಗೆ ಎರಡೂ ಕಡೆ ವೆಲ್ಡಿಂಗ್ ಮಾಡಿಸಿ ಫೋಟೋ ಲಗತ್ತಿಸಬೇಕು. ದೀಪಾವಳಿಗೆ ಹನ್ನೆರಡು ದಿನ ಉಳಿದಿತ್ತು. ಆಕೆ ಎರಡನೇ ಮಾತಾಡದೆ ವೆಲ್ಡಿಂಗ್ ಮಾಡಿಸಿದಳು. ತಪ್ಪು ನನ್ನ ಬೆನ್ನಿನದಾದ್ದರಿಂದ ಫೋಟೋ ನಾನು ತೆಗೆಸಿಕೊಟ್ಟೆ.

ಹಬ್ಬಕ್ಕೆ ಎರಡು ದಿನ ಮೊದಲು ಗ್ರೈಂಡರ್ ಬಂತು. ಸಣ್ಣ ಸಮಾರಂಭವೂ ಇತ್ತು. ಒಂದೂವರೆ ಅಡಿ ಬಾಗಿಲಿಗೆ ಉದ್ಘಾಟನೆಯ ಟೇಪು ಕಟ್ಟಿದ್ದರಿಂದ ಮುಖ್ಯ ಅತಿಥಿಗಳು ಚಾಪೆಯ ಮೇಲೆ ಅಂಗಾತ ಮಲಗಿ ಕತ್ತರಿಸಿದರು. ಮಲಗಿದ್ದಲ್ಲೇ ನಾಲ್ಕು ಮಾತಾಡಿ, ತಾಲ್ಲೂಕು ತಲೆಯೆತ್ತಿ ನಿಲ್ಲುತ್ತಿದೆ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದೆವು. ಆಮೇಲೆ ಗ್ರೈಂಡರನ್ನು ಒಳಗೆ ತಳ್ಳಲು ಹೋದರು.

ಗ್ರೈಂಡರಿನ ಎತ್ತರ ಎರಡೂಮುಕ್ಕಾಲು ಅಡಿ. ಮಲಗಿಸಿದರೆ ಎರಡಡಿ. ಹೋಟೆಲಿಗೆ ಬೇರೆ ಬಾಗಿಲಿಲ್ಲ.

ಪುಟ್ಟಗೌರಮ್ಮ ಒಳಗಿನಿಂದ ಕೈ ಚಾಚಿ ಅದರ ಕಾಲನ್ನು ಹಿಡಿದುಕೊಂಡಿದ್ದಳು.

"ವೆಲ್ಡಿಂಗ್ ಬಿಚ್ಚಿಸ್ಬುಡಿ ಸಾ, ಐದ್ ನಿಮ್ಷ," ಎಂದರು ಚಿಕ್ಕಸ್ವಾಮಿ.

ಕೃಷ್ಣಕುಮಾರ್ ಗಾಬರಿಯಾದರು. "ಬಿಚ್ಚಿದ ಕೂಡಲೇ ಇವರು ಚೇತರಿಸಿಕೊಂಡುಬಿಡುತ್ತಾರಲ್ಲ ಸ್ವಾಮಿ! ಚೇತರಿಸಿಕೊಂಡವರಿಗೆ ಗ್ರೈಂಡರ್ ಕೊಟ್ಟರೆ ನನ್ನ ನೌಕರಿ ಉಳಿಯುತ್ತದೆಯೇ?"

"ಮತ್ಯಾವಾಗ ಬಿಚ್ಚದು?" ಎಂದಿತು ಶಟರಿನ ಕೆಳಗಿನ ದನಿ.

"ಮೂರು ವರ್ಷ ಕಳೆಯಲಿ. ನೆರವು ಪಡೆದವರು ಮೂರು ವರ್ಷ ಚೇತರಿಸಿಕೊಳ್ಳುತ್ತಲೇ ಇರಬೇಕು. ಬಾಂಡಿಗೆ ಸಹಿ ಮಾಡಿದ್ದೀರಲ್ಲಮ್ಮ."

ಮುಖ್ಯ ಅತಿಥಿಗಳು ಗಡಿಯಾರ ನೋಡಿಕೊಂಡರು. ನನಗೆ ನಿಜವಾಗಿಯೂ ಅಳು ಬಂತು. ಆಗ ಒಳಗೆ ಪಾತ್ರೆಗಳ ಸದ್ದಾಯಿತು. ಮೊದಲು ನೆನೆಸಿದ ಉದ್ದಿನ ಬಟ್ಟಲು ಹೊರಗೆ ಜಾರಿ ಬಂತು, ಆಮೇಲೆ ಅಕ್ಕಿಯದು, ಒಲೆ, ಇಡ್ಲಿ ತಟ್ಟೆಗಳು, ಒಳಗಿನ ಪ್ಲಗ್ಗಿಗೆ ಸಿಕ್ಕಿಸಿದ ಒಂದು ವೈರು. ಕೊನೆಗೆ ಪುಟ್ಟಗೌರಮ್ಮನೇ, ಸಂಘದ ನಿಯಮದಂತೆ ಕಾಲು ಮುಂದಾಗಿ, ಬಂದಳು.

"ಅದ್ ಒಳೀಕ್ ಬರ್ನಿಲ್ಲ ಅಂದ್ರೆ ನಾನೇ ಈಚೀಕ್ ಬತ್ತೀನಿ ಬುಡಿ ಸಾ," ಎಂದು ಸೆರಗು ಕೊಡವಿಕೊಂಡು, ಫುಟ್‌ಪಾತಿನಲ್ಲೇ ಸ್ವಿಚ್ ಒತ್ತಿದಳು. ಗ್ರೈಂಡರ್ ತಿರುಗಿತು. ಮತ್ತೆ ಚಪ್ಪಾಳೆ.

ಮುಂದಿನ ವಾರ ಮಧುಶ್ರೀ ಬಂದು, ಫುಟ್‌ಪಾತಿನಲ್ಲಿ ಇಡ್ಲಿ ಮಾರುವ ಮಹಿಳೆಯೊಬ್ಬರನ್ನು ಗುರುತಿಸಿ, ಬೀದಿ ಬದಿ ವ್ಯಾಪಾರಿಯ ಕಾರ್ಡು ಮತ್ತು ಒಂದು ದೊಡ್ಡ ಛತ್ರಿ ಮಂಜೂರು ಮಾಡಿಸಿದಳು. ವರದಿಯಲ್ಲಿ ಒಂದು ವ್ಯಾಪಾರ ಚೇತರಿಸಿಕೊಳ್ಳುತ್ತಿದೆ, ಅದರ ಎದುರಿಗೇ ಇನ್ನೊಂದು ಹೊಸದಾಗಿ ಹುಟ್ಟಿದೆ ಎಂದಾಯಿತು. ಬಟ್ಟೆ, ಚಪ್ಪಲಿ, ಸ್ಟೀಲ್ ಪಾತ್ರೆ ಎಲ್ಲವೂ ಒಂದೊಂದಾಗಿ ಹೊರಗೆ ಬಂದವು. ಒಂದೇ ತಿಂಗಳಲ್ಲಿ ನಮ್ಮ ಬೀದಿಯ ಅಂಗಡಿಗಳ ಸಂಖ್ಯೆ ಇಪ್ಪತ್ತಾರರಿಂದ ಐವತ್ತೆರಡಕ್ಕೆ ಏರಿತು. ಜಿಲ್ಲೆಯಲ್ಲೇ ಪ್ರಥಮ ಬಂದಿದ್ದಕ್ಕೆ ಕೃಷ್ಣಕುಮಾರ್ ಅವರಿಗೆ ಶಾಲು ಹೊದಿಸಿದರು. ನಾನೇ ಸ್ವಾಗತ ಭಾಷಣ ಮಾಡಿದೆ.

ಪುಟ್ಟಗೌರಮ್ಮನ ಭುಜ ಈಗ ಎಷ್ಟೋ ವಾಸಿ. ಇಡ್ಲಿ ಮಲ್ಲಿಗೆ ಹೂವಿನಂತೆ ಬರುತ್ತಿದೆ. ಬಿಸಿಲಿನಲ್ಲಿ ನಿಂತು ತಿನ್ನುತ್ತೇವೆ.

ಮೊನ್ನೆ ಕೊಳ್ಳೇಗಾಲದ ಬಸ್ಸಿಳಿದ ಪ್ರಯಾಣಿಕನೊಬ್ಬ ತಟ್ಟೆ ಹಿಡಿದು ಬಗ್ಗಿ, ಶಟರಿನ ಕೆಳಗಿಂದ ಒಳಗೆ ಇಣುಕಿದ. ಖಾಲಿ ಬೆಂಚು, ನೆರಳು, ಫ್ಯಾನು ಎಲ್ಲ ಕಾಣಿಸಿರಬೇಕು.

"ಅಮ್ಮಾ, ಇಷ್ಟ್ ಜಾಗ ಅದಲ್ಲ, ಒಳಗ್ ಕೂತ್ಕಂಡ್ ತಿನ್ಬೋದಾ?"

ಪುಟ್ಟಗೌರಮ್ಮ ತುಟಿಯ ಮೇಲೆ ಬೆರಳಿಟ್ಟಳು. "ಮೆಲ್ಲಗ್ ಮಾತಾಡಪ್ಪ. ಅದು ಚೇತರಿಸ್ಕತಾ ಅದೆ."

ಆತ ಅರ್ಥವಾದವನಂತೆ ತಲೆಯಾಡಿಸಿ, ದನಿ ತಗ್ಗಿಸಿ, ಇನ್ನೆರಡು ಇಡ್ಲಿ ಕೇಳಿದ.