ಕುರಿಗಳಿರುವ ಸಿ.ಡಿ.ಯನ್ನು ದಾಖಲೆಗೆ ತೆಗೆದುಕೊಳ್ಳುವ ಕುರಿತು

ಸ್ಥಳ: ಮೂಡಲಗಿ
ದಿನಾಂಕ: ೨೨-೮-೨೦೦೫

ಇಂದ,
ಕೇದಾರಿ ದುಂಡಪ್ಪ ಹೊಸಮನಿ,
ಹಂಗಾಮಿ ಗ್ರಂಥಪಾಲಕ (ಒಂಬತ್ತು ವರ್ಷಗಳಿಂದ ಹಂಗಾಮಿ, ಆರು ವಾರಗಳಿಂದ ಅಮಾನತು),
ತಾರಾಬಾಯಿ ಸ್ಮಾರಕ ವಾಚನಾಲಯ, ಮೂಡಲಗಿ, ತಾ. ಗೋಕಾಕ.

ಗೆ,
ಶ್ರೀಮಾನ್ ದಾದಾಸಾಹೇಬ ಚೌಗಲಾ,
ಸಂಸ್ಥಾಪಕ ಅಧ್ಯಕ್ಷರು, ಸದರಿ ವಾಚನಾಲಯ.

ವಿಷಯ: ಉದ್ಘಾಟನೆಯ ದಿನ ಸಿ.ಡಿ. ಬದಲಾಯಿಸಿದ್ದಕ್ಕೆ ಕಾರಣ ಕೇಳಿದ ನೋಟೀಸಿಗೆ ಉತ್ತರ ಹಾಗೂ ತತ್ಸಂಬಂಧ ಮೂರು ಮನವಿಗಳು.

ಉಲ್ಲೇಖ: ೧) ತಮ್ಮ ನೋಟೀಸು ಸಂಖ್ಯೆ ೧/೨೦೦೫, ದಿ. ೧೧-೭-೨೦೦೫ (ವಾಚನಾಲಯವು ಸ್ಥಾಪನೆಯಾದಂದಿನಿಂದ ಹೊರಡಿಸಿದ ಏಕೈಕ ನೋಟೀಸು).
೨) ಸಿ.ಡಿ. ಆಯ್ಕೆ ಸಮಿತಿಯ ನಡಾವಳಿ, ಸಭೆ ಒಂದರಿಂದ ಐದು.
೩) ಅಂದು ತೋರಿಸಿದ ಚಿತ್ರದ ಹೆಸರನ್ನು ವಾಚನಾಲಯದಲ್ಲಿ ಯಾರೂ ಎತ್ತಕೂಡದೆಂಬ ತಮ್ಮ ಮೌಖಿಕ ಆದೇಶ.

ಮಾನ್ಯರೇ,

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ವಿನಂತಿಸಿಕೊಳ್ಳುವುದೇನೆಂದರೆ, ನಡೆದದ್ದೆಲ್ಲ ತಮ್ಮ ಕಣ್ಣೆದುರೇ ನಡೆದಿದೆ. ಆದರೂ ನೋಟೀಸಿನಲ್ಲಿ ‘ಸಂಗತಿಯನ್ನು ಆದ್ಯಂತವಾಗಿ, ಏನನ್ನೂ ಮರೆಮಾಚದೆ ಬರೆಯತಕ್ಕದ್ದು’ ಎಂದಿರುವ ಕಾರಣ, ತಮಗೆ ಗೊತ್ತಿರುವುದನ್ನೇ ತಮಗೆ ತಿಳಿಸಬೇಕಾದ ಪ್ರಸಂಗ ಬಂದಿದೆ. ಉಲ್ಲೇಖ ೩ರ ಆದೇಶಕ್ಕೆ ಬದ್ಧನಾಗಿ ಚಿತ್ರದ ಹೆಸರನ್ನು ಎಲ್ಲಿಯೂ ಬರೆದಿಲ್ಲ.

೧. ಈ ವರ್ಷದ ಆರಂಭದಲ್ಲಿ ದಾನಿಗಳೊಬ್ಬರು ವಾಚನಾಲಯಕ್ಕೆ ಒಂದು ಟಿ.ವಿ., ಒಂದು ಸಿ.ಡಿ. ಪ್ಲೇಯರ್ ಕೊಟ್ಟು, ಮೇಲೆ ಇಪ್ಪತ್ತೈದು ಸಿ.ಡಿ. ಕೊಳ್ಳಲು ಒಪ್ಪಿದರು. ಅವರ ಷರತ್ತು ಒಂದೇ. ಒಮ್ಮೆ ನೋಡಿ ಮರೆಯುವಂಥವು ಬೇಡ. ಮನೆಯಲ್ಲಿ ಇಟ್ಟುಕೊಂಡು ಮತ್ತೆ ಮತ್ತೆ ನೋಡತಕ್ಕಂಥ ಹಳೆಯ ಸಿನಿಮಾ ಮತ್ತು ಟಿ.ವಿ. ಧಾರಾವಾಹಿಗಳಾಗಿರಬೇಕು. ಆಯ್ಕೆಗಾಗಿ ಸಮಿತಿ ರಚನೆಯಾಯಿತು. ತಾವು ಅಧ್ಯಕ್ಷರು, ನಿವೃತ್ತ ಶಿಕ್ಷಕರಾದ ಹಣಮಂತ ಮಾಸ್ತರರು ಸದಸ್ಯರು, ನಾನು ನಡಾವಳಿ ಬರೆಯುವವನು. ನನಗೆ ಮತದ ಹಕ್ಕಿರಲಿಲ್ಲ, ಚಹಾ ತರಿಸುವ ಹಕ್ಕಿತ್ತು.

೨. ಮೊದಲ ಸಭೆಯಲ್ಲಿಯೇ ತಾವು ಶ್ರೇಷ್ಠ ಚಿತ್ರದ ಲಕ್ಷಣಗಳನ್ನು ನಿಗದಿಪಡಿಸಿದಿರಿ. ಕಥೆಯಲ್ಲಿ ಮೂವರಿಗಿಂತ ಹೆಚ್ಚು ಜನ ಸಾಯಬಾರದು. ನಾಯಕಿ ಮಳೆಯಲ್ಲಿ ತೋಯಬಾರದು, ತೋಯಲೇಬೇಕಾದಲ್ಲಿ ಕೈಯಲ್ಲಿ ಕೊಡೆ ಇರಬೇಕು. ಅತ್ತೆ-ಸೊಸೆ ಜಗಳವಾಡಿದರೆ ಕಡೆಗೆ ಅತ್ತೆಯದೇ ಸರಿ ಎಂದಾಗಬೇಕು. ಈ ಲಕ್ಷಣಗಳುಳ್ಳ ಚಿತ್ರವನ್ನು ಹುಡುಕಿ ನಾನು ಗೋಕಾಕದ ಎಲ್ಲ ಅಂಗಡಿಗಳನ್ನು ಸುತ್ತಿದೆ. ಅಂಗಡಿಯವರೊಬ್ಬರು, ಅಂಥದ್ದು ಇನ್ನೂ ತಯಾರಾಗಿಲ್ಲ, ತಯಾರಾದರೆ ತಿಳಿಸುತ್ತೇವೆ ಎಂದರು.

ಎರಡನೆಯ ಮತ್ತು ಮೂರನೆಯ ಸಭೆಗಳು ಧಾರಾವಾಹಿಗಳಿಗಾಗಿ ವ್ಯಯವಾದವು. ಊರಿನ ಓಣಿಗಳೆಲ್ಲ ಖಾಲಿಯಾಗುತ್ತಿದ್ದ ಕಾಲದ, ಜನ ಸ್ನಾನ ಮಾಡಿ ಟಿ.ವಿ.ಗೆ ಊದಿನಕಡ್ಡಿ ಹಚ್ಚಿ ಕೂರುತ್ತಿದ್ದ ಆ ಭಾನುವಾರದ ಪೌರಾಣಿಕವೇ ಬೇಕೆಂದು ತಾವು ಪಟ್ಟು ಹಿಡಿದಿರಿ. ಪತ್ತೇದಾರಿಯದ್ದು ಬೇಕೆಂದು ಮಾಸ್ತರರು. ಪೌರಾಣಿಕವನ್ನೇ ತಂದರೆ ಇಪ್ಪತ್ತೈದೂ ಸಿ.ಡಿ.ಗಳು ಅದಕ್ಕೇ ಮುಗಿದು, ಯುದ್ಧವು ಹದಿನೇಳನೆಯ ದಿನಕ್ಕೆ ನಿಲ್ಲುತ್ತದೆ ಎಂದು ಮಾಸ್ತರರು ಲೆಕ್ಕ ಹಾಕಿ ತೋರಿಸಿದರು. ಗೆಲ್ಲುವವರು ಯಾರೆಂದು ಊರಿಗೆಲ್ಲ ಗೊತ್ತೇ ಇದೆ, ನಿಂತರೂ ನಡೆದೀತು ಎಂದು ತಾವು ತೀರ್ಪಿತ್ತಿರಿ. ಮಾಸ್ತರರು ಎದ್ದು ಮನೆಗೆ ಹೋದರು. (ನಡಾವಳಿಯಲ್ಲಿ ‘ಸಭೆ ಸೌಹಾರ್ದದಿಂದ ಮುಕ್ತಾಯವಾಯಿತು’ ಎಂದಿದೆ. ಅದನ್ನು ಬರೆದವನು ನಾನೇ.) ಕಡೆಗೆ ಎರಡನ್ನೂ ಬಿಟ್ಟು, ಇಬ್ಬರಿಗೂ ಅಷ್ಟೇನೂ ಇಷ್ಟವಿಲ್ಲದ ಇಪ್ಪತ್ತೈದರ ಪಟ್ಟಿಯಾಯಿತು.

೩. ಇಷ್ಟರಲ್ಲಿ ನಾಗನೂರಿನಿಂದ ಸತ್ತೆವ್ವ ಎಂಬ ಕುರಿಗಾರ ಹೆಣ್ಣುಮಗಳು ವಾಚನಾಲಯಕ್ಕೆ ಬಂದರು. ವಯಸ್ಸು ಅರವತ್ತರ ಸಮೀಪ. ಓದು ಬರದು. ಇಲ್ಲಿ ಹಳೆಯ ಸಿನಿಮಾ ತರಿಸುತ್ತಾರೆಂದು ಸಂತೆಯಲ್ಲಿ ಕೇಳಿ ಬಂದಿದ್ದರು. ಅವರ ಗಂಡ ಭೀಮರಾಯ ತೀರಿಕೊಂಡು ಎರಡು ವರ್ಷವಾಗಿತ್ತು. ೧೯೭೦ರ ಮಳೆಗಾಲದಲ್ಲಿ ಗೋಕಾಕ ಫಾಲ್ಸಿನಲ್ಲಿ ಒಂದು ಸಿನಿಮಾದ ಹಾಡು ತೆಗೆಯುವಾಗ ಭೀಮರಾಯನನ್ನು ಕುರಿ ಸಮೇತ ಕರೆದು, ನಾಯಕ-ನಾಯಕಿಯ ಹಿಂದೆ ನಡೆಸಿದ್ದರಂತೆ. ಸಿನಿಮಾ ಗೋಕಾಕಕ್ಕೆ ಬಂದಾಗ ಇವರು ಕುರಿ ಹೊಡೆದುಕೊಂಡು ದೂರದ ಸೀಮೆಯಲ್ಲಿದ್ದರು. ತಿರುಗಿ ಬರುವಷ್ಟರಲ್ಲಿ ಅದು ಟಾಕೀಜಿನಿಂದ ಹೋಗಿಯಾಗಿತ್ತು. ಭೀಮರಾಯ ಮಾತ್ರ ಸಾಯುವವರೆಗೂ ಈ ಕತೆ ಹೇಳಿದ. ಊರವರು ನಕ್ಕರು. ಸತ್ತೆವ್ವನೂ ನಕ್ಕರು, ಜಗಳವಾದಾಗಲೆಲ್ಲ ‘ಸಿನಿಮಾದಾಂವ’ ಎಂದು ಹಂಗಿಸಿದರು.

ತಮಗೇನು ಬೇಕು ಎಂದು ನಾನು ಕೇಳಿದೆ.

“ಸುಳ್ಳ ಹೇಳಿ ಸತ್ತಾನೋ, ಖರೆ ಹೇಳಿ ಸತ್ತಾನೋ, ಅಷ್ಟ ನೋಡಬೇಕಾಗೇತ್ರಿ,” ಎಂದರು. “ಖರೆ ಇದ್ರ ನಾ ಬೈದದ್ದು ತಪ್ಪಾತು.”

ಹುಡುಕುತ್ತೇನೆ ಎಂದು ಮಾತು ಕೊಟ್ಟೆ. ಮಾತು ಕೊಡಲು ಹಂಗಾಮಿ ನೌಕರನಿಗೆ ಅಧಿಕಾರವಿಲ್ಲವೆಂದು ನೋಟೀಸಿನಲ್ಲಿ ತಾವು ಬರೆದದ್ದನ್ನು ಒಪ್ಪಿಕೊಳ್ಳುತ್ತೇನೆ.

೪. ಮೇ ತಿಂಗಳಲ್ಲಿ ಹೆಂಡತಿಯ ತವರಾದ ಹುಕ್ಕೇರಿಗೆ ಹೋಗಿದ್ದಾಗ, ಬಸ್ ನಿಲ್ದಾಣದ ಬಳಿಯ ಕೈಗಾಡಿಯೊಂದರ ಮೇಲೆ ಸಿ.ಡಿ.ಗಳ ರಾಶಿ ಇತ್ತು. ಅದರ ತಳದಲ್ಲಿ ಸದರಿ ಚಿತ್ರ ಸಿಕ್ಕಿತು. ಕವರಿನ ಮೇಲಿದ್ದ ನಾಯಕ ಆ ಚಿತ್ರದವನಲ್ಲ, ನಾಯಕಿಯೂ ಅಲ್ಲ. ಆದರೆ ಒಳಗಿದ್ದುದು ಅದೇ. ಸ್ವಂತಕ್ಕೆ ಕೊಂಡು, ಮಾವನ ಮನೆಯಲ್ಲಿ ಹಾಕಿ ನೋಡಿದೆ. ಕಪ್ಪು-ಬಿಳುಪು. ಫಾಲ್ಸು ತುಂಬಿ ಬೀಳುತ್ತಿದೆ. ಹಾಡು ಅರ್ಧಕ್ಕೆ ಬಂದಾಗ ಎಡಗಡೆಯಿಂದ ಕುರಿಗಳು ಬಂದವು.

ಐದನೆಯ ಸಭೆಯಲ್ಲಿ ಇದನ್ನು ಸೇರಿಸಿಕೊಳ್ಳಬೇಕೆಂದು ಕೋರಿದೆ. ತಾವು ನೋಡದೆಯೇ, “ಕುರಿ ಅದಾವಂದ ಮಾತ್ರಕ್ಕ ಸಿನಿಮಾ ದೊಡ್ಡದಾಗೂದಿಲ್ಲ, ಕೇದಾರಿ,” ಎಂದಿರಿ. ಮಾಸ್ತರರು ತಮ್ಮನ್ನು ವಿರೋಧಿಸುವ ಒಂದೇ ಉದ್ದೇಶದಿಂದ ಕುರಿಗಳ ಪರ ಮಾತಾಡಿದರು. ಅಧ್ಯಕ್ಷರ ಮತ ಎರಡೆಂದು ಎಣಿಸಿ ಪ್ರಸ್ತಾವ ಬಿದ್ದುಹೋಯಿತು.

೫. ಜುಲೈ ೧೦, ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಉದ್ಘಾಟನೆ. ಮೊದಲಿಗೆ ತೀರ್ಥಕ್ಷೇತ್ರಗಳ ಸಾಕ್ಷ್ಯಚಿತ್ರ ತೋರಿಸತಕ್ಕದ್ದೆಂದು ತಮ್ಮ ಆದೇಶವಿತ್ತು. ‘ಅಚಾತುರ್ಯದಿಂದ ಸಿ.ಡಿ. ಬದಲಾಯಿತು’ ಎಂದು ಬರೆದರೆ ಕೆಲಸ ಉಳಿಯುತ್ತದೆಂದು ಮಾಸ್ತರರು ಸಲಹೆ ನೀಡಿದ್ದಾರೆ. ಆದರೆ ಮರೆಮಾಚಬಾರದೆಂದು ತಾವೇ ಹೇಳಿದ್ದರಿಂದ ಬರೆಯುತ್ತೇನೆ: ಬುದ್ಧಿಪೂರ್ವಕವಾಗಿ ಹಾಕಿದೆ. ಸತ್ತೆವ್ವನಿಗೆ ಮುಂದಿನ ಸಾಲಿನಲ್ಲಿ ಜಾಗ ಹಿಡಿದಿಟ್ಟವನೂ ನಾನೇ. ಕುರಿಗಳು ಬರುವ ಜಾಗವನ್ನು ಮೊದಲೇ ಹುಡುಕಿ ಸಿದ್ಧವಾಗಿಟ್ಟಿದ್ದೆ. ಒಂದು ನಿಮಿಷ ತೋರಿಸಿ, ತಪ್ಪಾಯಿತೆಂದು ಕೈಮುಗಿದು, ತೀರ್ಥಕ್ಷೇತ್ರ ಹಾಕುವುದು ನನ್ನ ಯೋಜನೆಯಾಗಿತ್ತು.

ಅದಕ್ಕೂ ಮೊದಲು ತಾವು ಭಾಷಣ ಮಾಡಿದಿರಿ. ಗೋಡೆಯ ಮೇಲಿನ ತಮ್ಮ ಮಾತೋಶ್ರೀ ತಾರಾಬಾಯಿಯವರ ಫೋಟೋಕ್ಕೆ ಹಾರ ಹಾಕಿ, ಆ ತಾಯಿ ಜೀವಮಾನದಲ್ಲಿ ಸಿನಿಮಾದ ನೆರಳನ್ನೂ ಕಂಡವರಲ್ಲ, ಚಾತುರ್ಮಾಸದ ನಾಲ್ಕು ತಿಂಗಳೂ ದಿನಕ್ಕೆ ಒಂದೇ ಊಟ, ಅವರು ನಕ್ಕದ್ದನ್ನು ಮಗನಾದ ತಾವೂ ಕಂಡಿಲ್ಲ ಎಂದಿರಿ. ಸಭೆ ಚಪ್ಪಾಳೆ ತಟ್ಟಿತು. ನಾನು ಗುಂಡಿ ಒತ್ತಿದೆ.

ನಾಯಕ-ನಾಯಕಿ ಹಾಡುತ್ತ ಬಂದರು. ಎಡಗಡೆಯಿಂದ ಕುರಿಗಳು, ಅವುಗಳ ಹಿಂದೆ ಕಂಬಳಿ ಹೊದ್ದ ಹರೆಯದ ಭೀಮರಾಯ. ಒಂದು ಕುರಿ ಗುಂಪು ಬಿಟ್ಟು ನೇರ ನಾಯಕಿಯ ಸೆರಗಿಗೆ ಬಾಯಿ ಹಾಕಿತು. ತಾವು ಸಿಟ್ಟಿನಿಂದ ರಿಮೋಟು ಕಸಿದುಕೊಂಡು ಬಂದ್ ಮಾಡಲು ಗುಂಡಿ ಒತ್ತಿದಿರಿ. ಆದರೆ ಅದು ಬಂದ್ ಮಾಡುವ ಗುಂಡಿಯಲ್ಲ, ಚಿತ್ರವನ್ನು ಇದ್ದಲ್ಲಿಯೇ ನಿಲ್ಲಿಸುವ ಗುಂಡಿ. ಚಿತ್ರ ನಿಂತಿತು.

ಸತ್ತೆವ್ವ ಎದ್ದು ಟಿ.ವಿ.ಯ ಹತ್ತಿರ ಹೋಗಿ ಬೆರಳಿಟ್ಟರು. “ಇವನ ನೋಡ್ರಿ. ಕ್ಯಾಮರಾ ನೋಡಬ್ಯಾಡ ಅಂದಿದ್ರಂತ. ನೋಡ್ಯಾನ ನೋಡ್ರಿ,” ಎಂದರು. ಭೀಮರಾಯ ನಿಜಕ್ಕೂ ನಮ್ಮನ್ನೇ ನೋಡುತ್ತಿದ್ದ. ಆಮೇಲೆ ಅವರ ಬೆರಳು ಸ್ವಲ್ಪ ಮೇಲಕ್ಕೆ, ಶೂಟಿಂಗ್ ನೋಡಲು ಬಂಡೆಯ ಮೇಲೆ ನಿಂತಿದ್ದ ಜನರ ಕಡೆಗೆ ಸರಿಯಿತು. “ಸಾವಕಾರ್ರ, ಹಿಂದ ತೆನಿ ಹಿಡಕೊಂಡ ನಗಾಕತ್ತಾರಲ್ರಿ, ಅವರು ಆ ಫೋಟೋದಾಗಿನ ನಿಮ್ಮ ಅವ್ವಾರಲ್ಲೇನ್ರಿ?”

ಇಲ್ಲಿ ಪ್ರಮಾಣ ಮಾಡಿ ಹೇಳುತ್ತೇನೆ, ಈ ಸಂಗತಿ ನನಗೂ ಗೊತ್ತಿರಲಿಲ್ಲ. ಹುಕ್ಕೇರಿಯಲ್ಲಿ ನಾನು ನೋಡಿದ್ದು ಕುರಿಗಳನ್ನು ಮಾತ್ರ. ತಾವು ಕನ್ನಡಕ ಏರಿಸಿ ಹತ್ತಿರ ಬಂದಿರಿ. ಒಂದು ಕೈಯಲ್ಲಿ ಸುಟ್ಟ ಗೋಂಜಾಳ ತೆನೆ, ಇನ್ನೊಂದು ಕೈ ಹೊಟ್ಟೆಯ ಮೇಲೆ, ಬಾಯಿ ತುಂಬ ನಗೆ. ಪಕ್ಕದಲ್ಲಿ ಸೆರಗಿನಿಂದ ಬಾಯಿ ಮುಚ್ಚಿಕೊಂಡ ಇಪ್ಪತ್ತು ವರ್ಷದ ಸೊಸೆ. ತಾವು ತಿರುಗಿ ಹೆಂಗಸರ ಸಾಲಿನಲ್ಲಿದ್ದ ತಮ್ಮ ಪತ್ನಿ ಕಮಲಾಬಾಯಿಯವರನ್ನು ನೋಡಿ, ಇದು ಯಾವಾಗಿನದು ಎಂದು ಕೇಳಿದಿರಿ.

“ನೀವ ನಮ್ಮನ್ನ ಕಣಗಲಾದ ಬಸ್ ಹತ್ತಿಸಿದ್ರಲ್ಲ, ಆವತ್ತಿಂದು,” ಎಂದರು ಕಮಲಾಬಾಯಿಯವರು. “ಗೋಕಾಕ ಸ್ಟ್ಯಾಂಡಿನ್ಯಾಗ ಅತ್ತಿಯವರು ಬಸ್ ಬದಲಿ ಮಾಡಿ ಫಾಲ್ಸಿಗೆ ಕರಕೊಂಡ ಹೋದ್ರು.”

ಮೂವತ್ತೈದು ವರ್ಷ ಯಾಕೆ ಹೇಳಲಿಲ್ಲ ಎಂದಿರಿ.

“ಅತ್ತಿಯವರು ಆಣಿ ಹಾಕಿಸಿದ್ರು. ನೀವೂ ಕೇಳಲಿಲ್ಲ.”

ತಾವು ಟಿ.ವಿ.ಯ ವಾಯರನ್ನೇ ಕಿತ್ತಿರಿ. ಹಂಚಲು ತಂದಿದ್ದ ಪೇಡೆ ಡಬ್ಬಿಯಲ್ಲಿಯೇ ಉಳಿಯಿತು. ಸತ್ತೆವ್ವ ಮಾತ್ರ ಹೊರಗೆ ಕಟ್ಟೆಯ ಮೇಲೆ ಬಹಳ ಹೊತ್ತು ಕೂತಿದ್ದರು. ಗಂಡ ಖರೇನೇ ಹೇಳಿದ್ದನಲ್ಲ ಎಂದೆ. ಹೌದೆಂದು ತಲೆಯಾಡಿಸಿ, “ಆದ್ರ ನೋಡಾಕ ಬಂದ್ರ ಎಲ್ಲಾರೂ ಸಾವಕಾರರ ಅವ್ವನ್ನ ನೋಡಿದ್ರಿ. ನನ್ನ ಗಂಡನ್ನ ಯಾರೂ ನೋಡಲಿಲ್ಲ,” ಎಂದು ಬೇಸರಪಟ್ಟುಕೊಂಡರು.

೬. ಅಂದು ಸಂಜೆ ಆರಕ್ಕೆ ತಾವೊಬ್ಬರೇ ವಾಚನಾಲಯಕ್ಕೆ ಬಂದು, ಸದರಿ ಸಿ.ಡಿ.ಯನ್ನು ‘ಪರಿಶೀಲನೆಗಾಗಿ’ ಒಯ್ದಿರಿ. ರಿಜಿಸ್ಟರಿನಲ್ಲಿ ಸಹಿ ಮಾಡಲಿಲ್ಲ. ನಾನೂ ಕೇಳಲಿಲ್ಲ. ಮರುದಿನ ಅಮಾನತು ಬಂತು.

ಪರಿಶೀಲನೆ ಹೇಗೆ ನಡೆದಿದೆಯೆಂದು ತಿಳಿಯುವ ಹಕ್ಕು ನನಗಿಲ್ಲ. ಆದರೂ ವಾರಪತ್ರಿಕೆ ಹಿಂದಿರುಗಿಸಲು ಬಂದ ಕಮಲಾಬಾಯಿಯವರು, ಹೊರಗೆ ಕಟ್ಟೆಯ ಮೇಲೆ ಕೂತಿದ್ದ ನನಗೆ ತಾವಾಗಿಯೇ ತಿಳಿಸಿದ್ದನ್ನು ದಾಖಲಿಸುತ್ತೇನೆ. ಮೊದಲ ಮೂರು ದಿನ ತಾವು ಅವರೊಂದಿಗೆ ಮಾತು ಬಿಟ್ಟಿದ್ದಿರಂತೆ. ನಾಲ್ಕನೆಯ ದಿನ ಮಧ್ಯಾಹ್ನ ಊಟವಾದ ಮೇಲೆ ಚಿತ್ರವನ್ನು ಅದೇ ಜಾಗದಲ್ಲಿ ನಿಲ್ಲಿಸಿ, ಅವ್ವ ಆವತ್ತು ಏನೇನು ಮಾತಾಡಿದಳು ಎಂದು ಕೇಳಿದಿರಂತೆ. ಅಂದಿನಿಂದ ದಿನಾಲೂ ಕೇಳುತ್ತಿದ್ದೀರಿ. ತಾರಾಬಾಯಿಯವರು ಆವತ್ತಿನ ಒಂದು ಊಟ ಇದೇ ಎಂದು ಹೇಳಿ ನಾಲ್ಕು ತೆನೆ ತಿಂದ ಸಂಗತಿ, ತೂಗುಸೇತುವೆಯ ನಡುವೆ ನಿಂತು ಅದನ್ನು ಬೇಕೆಂದೇ ಅಲುಗಾಡಿಸಿದ ಸಂಗತಿ, ಸೊಸೆಯ ಹೆಸರು ಹಿಡಿದು ಕರೆದು ಕೈ ಹಿಡಿದುಕೊಂಡ ಸಂಗತಿ, ಇವೆಲ್ಲ ಹೀಗೆ ಒಂದೊಂದಾಗಿ ಹೊರಬಂದಿವೆ.

ಇನ್ನೂ ಎಷ್ಟಿವೆ ಎಂದು ನಾನು ಕೇಳಿದೆ. ಕಮಲಾಬಾಯಿಯವರು ನಕ್ಕು, “ಭಾಳ ಅದಾವು. ದಿನಾ ಒಂದೊಂದ ಹೇಳತೇನಿ. ಒಮ್ಮೆ ಎಲ್ಲಾ ಹೇಳಿಬಿಟ್ರ ಇವರು ಮತ್ತ ಪೇಪರ್ ಹಿಡಕೊಂಡ ಕುಂದರತಾರು,” ಎಂದರು. ಇದನ್ನು ತಮಗೆ ಹೇಳಬಾರದೆಂದು ಅವರು ಹೇಳಲಿಲ್ಲವಾದ್ದರಿಂದ ಬರೆದಿದ್ದೇನೆ.

೭. ಆಗಸ್ಟಿನ ಮೊದಲ ವಾರ ಸತ್ತೆವ್ವ ಸಂತೆಗೆ ಬಂದವರು, ಕೇಳದೆಯೇ ನೇರ ತಮ್ಮ ಮನೆಗೆ ಹೋದರು. ತಾವು ಅವರನ್ನು ಒಳಗೆ ಕರೆದು ಕುರ್ಚಿ ಕೊಟ್ಟು, ಸಿ.ಡಿ. ಹಾಕಿದಿರೆಂದು ಕೇಳಿ ಸಂತೋಷವಾಯಿತು. ಆದರೆ ಚಿತ್ರವನ್ನು ಎಲ್ಲಿ ನಿಲ್ಲಿಸಬೇಕೆಂಬ ಬಗ್ಗೆ ತಕರಾರು ಎದ್ದಿದೆ. ಭೀಮರಾಯ ಮುಖ ತಿರುಗಿಸುವಾಗ ನಿಲ್ಲಿಸಬೇಕೆಂದು ಅವರು. ತಾರಾಬಾಯಿಯವರ ನಗೆ ಪೂರ್ತಿ ಬಿಚ್ಚಿಕೊಳ್ಳುವಲ್ಲಿ ನಿಲ್ಲಿಸಬೇಕೆಂದು ತಾವು. ಎರಡಕ್ಕೂ ನಾಲ್ಕು ಸೆಕೆಂಡಿನ ಅಂತರ. ಒಮ್ಮೆ ಅಲ್ಲಿ, ಒಮ್ಮೆ ಇಲ್ಲಿ ನಿಲ್ಲಿಸುವುದೆಂದು ಕಮಲಾಬಾಯಿಯವರ ಮಧ್ಯಸ್ಥಿಕೆಯಲ್ಲಿ ರಾಜಿಯಾಗಿದೆ. ಇದರಿಂದ ಸಿ.ಡಿ. ಅದೇ ಜಾಗದಲ್ಲಿ ಗೀರುಬಿದ್ದು, ಕುರಿಗಳು ಈಗ ನಡೆಯದೆ ಜಿಗಿಯುತ್ತಿವೆಯೆಂದೂ ತಿಳಿದುಬಂದಿದೆ.

೮. ಈ ಅರ್ಜಿಗೆ ತಕ್ಷಣದ ಕಾರಣ ಕಳೆದ ವಾರ ಒದಗಿತು. ಸತ್ತೆವ್ವನ ಮಗಳು ದೀಪಾ ಕೌಜಲಗಿಯಿಂದ ಬಸ್ಸು ಹಿಡಿದು, ತಂದೆಯನ್ನು ನೋಡಲೆಂದೇ ಬಂದಿದ್ದಳು. ಅವರ ಮನೆಯಲ್ಲಿ ಭೀಮರಾಯನದು ಒಂದೇ ಫೋಟೋ, ರೇಶನ್ ಕಾರ್ಡಿನದು. ಅದರಲ್ಲಿಯೂ ಮುಖದ ಮೇಲೆ ಕಚೇರಿಯ ಠಸ್ಸೆ ಬಿದ್ದಿದೆ. ತಮ್ಮ ಮನೆಗೆ ಬೀಗವಿತ್ತು. ತಾವು ಮತ್ತು ಕಮಲಾಬಾಯಿಯವರು ಇಬ್ಬರೇ ಗೋಕಾಕ ಫಾಲ್ಸಿಗೆ ಹೋಗಿದ್ದಿರಿ ಎಂದು ಆಮೇಲೆ ಗೊತ್ತಾಯಿತು. ಅದಕ್ಕೆ ನನ್ನ ಆಕ್ಷೇಪವಿಲ್ಲ. ಆದರೆ ದೀಪಾ ಬೀಗ ನೋಡಿಕೊಂಡು ತಿರುಗಿ ಬಸ್ಸು ಹತ್ತಿದಳು. ಅವಳನ್ನು ಹತ್ತಿಸಲು ಹೋದವನು ನಾನು.

ಆಗ ನನಗೆ ತೋರಿದ್ದು ಇಷ್ಟು. ಮನೆಯಲ್ಲಿಟ್ಟುಕೊಂಡು ಮತ್ತೆ ಮತ್ತೆ ನೋಡತಕ್ಕಂಥದ್ದು ಎಂಬ ದಾನಿಗಳ ಷರತ್ತನ್ನು ನಮ್ಮ ಇಪ್ಪತ್ತೈದರಲ್ಲಿ ಒಂದೂ ಪೂರೈಸಿಲ್ಲ; ಅವುಗಳನ್ನು ಇಂದಿನವರೆಗೆ ಯಾರೂ ಒಯ್ದಿಲ್ಲ. ಪೂರೈಸಿದ ಒಂದು ನಮ್ಮ ರಿಜಿಸ್ಟರಿನಲ್ಲಿಯೇ ಇಲ್ಲ. ರಿಜಿಸ್ಟರಿನಲ್ಲಿ ಇಲ್ಲದ ಕಾರಣ ಅದನ್ನು ಯಾರೂ ಒಯ್ದಿಲ್ಲ. ಯಾರೂ ಒಯ್ದಿಲ್ಲದ ಕಾರಣ ಅದನ್ನು ತಿರುಗಿ ಕೇಳಲು ಬರುವುದಿಲ್ಲ.

ಆದ್ದರಿಂದ ತಮ್ಮಲ್ಲಿ ಕ್ರಮವಾಗಿ ಪ್ರಾರ್ಥಿಸುವುದೇನೆಂದರೆ:

(ಅ) ಅಮಾನತಿನಲ್ಲಿರುವವನು ರಿಜಿಸ್ಟರು ಮುಟ್ಟುವಂತಿಲ್ಲವಾದ ಕಾರಣ, ಮೊದಲು ನನ್ನ ಅಮಾನತನ್ನು ರದ್ದುಪಡಿಸಬೇಕು.

(ಆ) ತರುವಾಯ ಸದರಿ ಸಿ.ಡಿ.ಯನ್ನು ಶ್ರೇಷ್ಠ ಚಿತ್ರಗಳ ಪಟ್ಟಿಯಲ್ಲಿ ಕ್ರಮಸಂಖ್ಯೆ ೨೬ ಎಂದು ದಾಖಲಿಸಿ, ಜುಲೈ ೧೦ರ ಸಂಜೆ ಆರಕ್ಕೆ ತಮ್ಮ ಹೆಸರಿಗೆ ಕೊಟ್ಟಿದ್ದಾಗಿ ನಮೂದಿಸಲು ಅನುಮತಿಸಬೇಕು.

(ಇ) ಹಾಗೆ ನಮೂದಾದ ಕೂಡಲೇ, ಏಳು ದಿನಗಳ ಅವಧಿಯನ್ನು ಮೀರಿ ನಲವತ್ತಮೂರು ದಿನ ಇಟ್ಟುಕೊಂಡ ಬಗ್ಗೆ ಕಾರಣ ಕೇಳಿ ತಮಗೊಂದು ನೋಟೀಸು ಹೊರಡಿಸಲು ನನಗೆ ಅಧಿಕಾರ ಕೊಡಬೇಕು. ಅದಕ್ಕೆ ಅಧ್ಯಕ್ಷರ ಸಹಿ ಬೇಕಾಗುತ್ತದೆ. ಸಹಿ ಮಾಡಿಕೊಡಬೇಕಾಗಿ ವಿನಂತಿ.

ಅಮಾನತಿನಲ್ಲಿದ್ದರೂ ತಮ್ಮ ವಿಶ್ವಾಸಿ,
(ಕೇ. ದುಂ. ಹೊಸಮನಿ)

ಅಡಕಗಳು:
೧. ನೋಟೀಸು ಸಂಖ್ಯೆ ೨/೨೦೦೫ರ ಕರಡು, ತಮ್ಮ ಸಹಿಗಾಗಿ ಜಾಗ ಬಿಟ್ಟಿದೆ.
೨. ದೀಪಾಳ ಕೌಜಲಗಿಯ ವಿಳಾಸ, ಬಸ್ಸಿನ ವೇಳೆ ಸಮೇತ.
೩. ಸದರಿ ಚಿತ್ರದ ಎರಡನೆಯ ಸಿ.ಡಿ. ತಾವು ಮೊದಲನೆಯದನ್ನು ಮಾತ್ರ ಒಯ್ದಿದ್ದೀರಿ. ಇದರಲ್ಲಿ ಕಥೆ ಮುಗಿಯುತ್ತದೆ; ಇದುವರೆಗೆ ಯಾರೂ ಕೇಳಿಲ್ಲ.